ಪಂಢರಿನಾಥ ಹಾಸಿದ ನೆಲ

ಪಂಢರಿನಾಥ ಹೇಡಿ. ಇದು ಕೋಪದ ಮಾತಲ್ಲ. ಸಪ್ತಾಪುರದಲ್ಲಿ ಮೂವತ್ತೊಂದು ವರ್ಷ ಅವನ ಪಕ್ಕದ ಮನೆಯಲ್ಲಿದ್ದು, ನೋಡಿ, ಹೇಳುತ್ತಿದ್ದೇನೆ. ಅವನು ಕೆಟ್ಟವನಲ್ಲ. ಯಾರ ಮೇಲೂ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಓಣಿಯ ಜನ ಅವನನ್ನು ಭಾಳ ಸಂಭಾವಿತ ಎನ್ನುತ್ತಾರೆ. ಆದರೆ ತಾನೇ ತೀರ್ಮಾನಿಸಬೇಕಾದ ಪ್ರತಿಯೊಂದಕ್ಕೂ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲುವವನಿಗೆ ಆ ಪದ ದೊಡ್ಡದಾಯಿತು. ನಾನು ಸಸ್ಯಶಾಸ್ತ್ರ ಕಲಿಸಿದವಳು. ಬಳ್ಳಿಗೆ ಬಳ್ಳಿ ಎಂದೇ ಹೇಳಬೇಕು, ಮರ ಎನ್ನಬಾರದು.

ಅವನು ಧಾರವಾಡದಲ್ಲೇ ಹುಟ್ಟಿದವನು. ತಂದೆ ಹೆಡ್‌ಮಾಸ್ತರರು, ಬೇಗ ತೀರಿಕೊಂಡರು. ಹನ್ನೊಂದು ವರ್ಷ ದೊಡ್ಡವರಾದ ಅಣ್ಣ ವಿಜಯೀಂದ್ರರೇ ಮನೆಯ ಯಜಮಾನರಾದರು. ತಮ್ಮ ಯಾವ ಕಾಲೇಜು ಸೇರಬೇಕು, ಯಾವ ಪರೀಕ್ಷೆಗೆ ಕೂಡಬೇಕು, ಯಾವ ಹುಡುಗಿಯನ್ನು ಮದುವೆಯಾಗಬೇಕು ಎಂಬುದೆಲ್ಲ ಮಾಳಮಡ್ಡಿಯ ಅಣ್ಣನ ಮನೆಯಲ್ಲಿ ನಿಶ್ಚಯವಾಯಿತು. ಮುಂದೆ ಅವನು ಸರಕಾರಿ ಕಚೇರಿಯೊಂದರಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದ. ಕಡತದ ಕೊನೆಯಲ್ಲಿ ಕೆಳಗಿನವರು ಬರೆಯುವ ಸಾಲೊಂದಿದೆ: ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.’ ಅದನ್ನು ಬರೆದು ಕಡತವನ್ನು ಮೇಲಕ್ಕೆ ತಳ್ಳಿದರೆ ತನ್ನ ಜವಾಬ್ದಾರಿ ಮುಗಿಯಿತು. ಆ ಸಾಲು ಇವನಿಗಾಗಿಯೇ ಹುಟ್ಟಿದಂತಿತ್ತು.

“ಅಕ್ಕಾ, ಇವ್ರು ಸಂತಿಗೆ ಹೋದ್ರೂ ಬದನಿಕಾಯಿ ಮಂಡಿಸ್ತಾರ್ರಿ,” ಎಂದು ಅವನ ಹೆಂಡತಿ ನಿರುಪಮಾ ನನ್ನೆದುರಿಗೇ ಆಡಿಕೊಳ್ಳುತ್ತಿದ್ದಳು. “ನಾ ಆದೇಶ ಕೊಟ್ಟ ಮ್ಯಾಲೇ ಅವು ಚೀಲದಾಗ ಬೀಳೂದು.”

“ಹುಳಾ ಇದ್ರ ಬೈಸ್ಕೊಳ್ಳಾಂವ ಯಾರು?” ಎಂದು ಅವನೂ ನಗುತ್ತಿದ್ದ.

ನಗುವ ವಿಷಯ ಅದೊಂದೇ ಆಗಿದ್ದರೆ ನಾನೂ ನಗುತ್ತಿದ್ದೆ. ನಿರುಪಮಾ ಹಾಡುತ್ತಿದ್ದಳು. ಅವಳಿಗೆ ಮೂವತ್ತೆರಡು ವರ್ಷವಾಗಿದ್ದಾಗ ಪುಣೆಯ ಹಿರಿಯ ಗಾಯಕಿಯೊಬ್ಬರು ಅವಳ ಹಾಡು ಕೇಳಿ, ಒಂದು ವರ್ಷ ನನ್ನ ಹತ್ತಿರ ಬಂದಿರು ಎಂದು ಪತ್ರ ಬರೆದರು. ಪಂಢರಿನಾಥ ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಮಾಳಮಡ್ಡಿಗೆ ಹೋದ. ಎರಡು ತಾಸಿನ ಮೇಲೆ ತಿರುಗಿ ಬಂದಾಗ ನಿರುಪಮಾ ಕೇಳಿದ್ದು ಒಂದೇ ಮಾತು: “ಅಣ್ಣಾ ಏನಂದ್ರು?” ‘ನೀವೇನಂತೀರಿ’ ಎಂದು ಅವಳು ಕೇಳಲಿಲ್ಲ. ಮದುವೆಯಾಗಿ ಹತ್ತು ವರ್ಷವಾಗಿತ್ತು, ಕೇಳಿ ಉಪಯೋಗವಿಲ್ಲವೆಂದು ಅಷ್ಟರಲ್ಲಿ ಅವಳಿಗೆ ತಿಳಿದಿತ್ತು. ಅವಳು ಪುಣೆಗೆ ಹೋಗಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಜಮಖಾನೆ ಹಾಸಿ ಓಣಿಯ ಮಕ್ಕಳಿಗೆ ಹಾಡು ಹೇಳಿಕೊಡತೊಡಗಿದಳು. ಅವರಿಗೆ ಸ್ವಂತ ಮಕ್ಕಳಾಗಲಿಲ್ಲ. ಇಪ್ಪತ್ತೆಂಟು ವರ್ಷ ಆ ಕೋಣೆಯ ಶಹಾಬಾದಿ ಕಲ್ಲಿನ ಫರಸಿಯ ಮೇಲೆ ಕುಳಿತು ಅವಳು ಬೇರೆಯವರ ಮಕ್ಕಳ ಸ್ವರ ತಿದ್ದಿದಳು.

ಹೋದ ವರ್ಷ ದೀಪಾವಳಿ ಮುಗಿದ ವಾರ ಅವಳ ಸೊಂಟದ ನೋವು ಎಲುಬಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಸತ್ತೂರಿನ ಆಸ್ಪತ್ರೆಯ ಡಾಕ್ಟರು ಪಂಢರಿನಾಥನನ್ನೂ ನನ್ನನ್ನೂ ಕೂಡಿಸಿಕೊಂಡು ಸ್ಪಷ್ಟವಾಗಿ ಹೇಳಿದರು: ನಾಲ್ಕು ತಿಂಗಳು, ಬಹಳವೆಂದರೆ ಐದು. ಎದ್ದು ಕೂಡಲು ಬರುವುದು ಇನ್ನೆರಡು ತಿಂಗಳು ಮಾತ್ರ. ಪಂಢರಿನಾಥ ತಲೆಯಾಡಿಸಿದ. ಹೊರಗೆ ಬಂದ ಮೇಲೆ, “ಮುಂದ ಏನ್ ಮಾಡೋಣ್ರಿ ಅಕ್ಕಾರ?” ಎಂದು ನನ್ನನ್ನು ಕೇಳಿದ.

ಏನು ಮಾಡಬೇಕೆಂದು ಹೇಳಿದವಳು ನಿರುಪಮಾ. “ಕಾಟಿನ ಮ್ಯಾಲೆ ಕೂತು ತಂಬೂರಿ ಹಿಡದ್ರ ದವಾಖಾನ್ಯಾಗ ಹಾಡಿದಂಗ ಆಗ್ತದ. ಫರಸಿ ಮ್ಯಾಲೆ ಕೂತ್ರ ಥಂಡಿ ಎಲುಬಿಗೆ ಚುಚ್ತದ. ಈ ಖೋಲಿಗೆ ಕಟಗಿ ನೆಲಾ ಹಾಕಿಸಿಕೊಡ್ರಿ. ಮತ್ತೇನೂ ಕೇಳೂದಿಲ್ಲ ನಾ.”

ಸುಮ್ಮನೆ ದಪ್ಪ ಗಾದಿ ಹಾಕಿಕೊ ಎಂದೆ ನಾನು.

“ಗಾದಿ ‘ಸಾ’ ಸ್ವರಾನ ನುಂಗ್ತದ್ರಿ ಅಕ್ಕಾ,” ಎಂದಳು. ಅವಳು ಯಾವಾಗಲೋ ಮಿರಜಿನ ಹಳೆಯ ಮನೆಯೊಂದರ ಬೈಠಕ್ಕಿನಲ್ಲಿ ಹಾಡಿದ್ದಳಂತೆ. ಅಲ್ಲಿ ಕೆಂಪು ಹಲಗೆಯ ನೆಲವಿತ್ತು, ಮಹಾಗನಿ ಎಂದು ಮನೆಯವರು ಹೇಳಿದ್ದರು. “ತಂಬೂರಿ ಮೀಟಿದ್ರ ಕಿವಿಗೆ ಕೇಳಸೂಕಿಂತ ಮೊದ್ಲ ತೊಡಿಗೆ ಕೇಳಸ್ತಿತ್ತು. ಒಂದಾರ ದಿನಾ ಹಂಗ ಕೂತು ಹಾಡ್ಬೇಕು.”

ಎರಡು ತಿಂಗಳೊಳಗೆ ಒಂದು ಕೋಣೆಗೆ ನೆಲ. ಬೇಕಾದದ್ದು ಇಷ್ಟೇ.

ತಾರಿಹಾಳದಲ್ಲಿ ಕಟ್ಟಿಗೆ ಕೊಯ್ದು ಹಲಗೆ ಮಾಡುವ ಜುಲ್ಫಿಕಾರ ಎಂಬವನ ಕಾರ್ಖಾನೆಗೆ ಪಂಢರಿನಾಥನನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಇಲ್ಲದಿದ್ದರೆ ಅವನು ಯಾವ ಬಸ್ಸು ಹತ್ತಬೇಕೆಂದು ಕೇಳುತ್ತಲೇ ವಾರ ಕಳೆಯುತ್ತಿದ್ದ. ಜುಲ್ಫಿಕಾರನಿಗೆ ಐವತ್ತರ ಮೇಲೆ ವಯಸ್ಸು, ಹುಬ್ಬಿನ ತುಂಬ ಕಟ್ಟಿಗೆಯ ಹೊಟ್ಟು. ಪಂಢರಿನಾಥ ಮೊದಲು ಕೈಗೆತ್ತಿಕೊಂಡದ್ದು ಥಳಥಳ ಹೊಳೆಯುವ ತೆಳ್ಳನೆಯ ಹಲಗೆ.

“ಸರ್, ಅದು ಮಹಾಗನಿ ಅಲ್ರಿ. ಮಹಾಗನಿ ಫೋಟೋ,” ಎಂದ ಜುಲ್ಫಿಕಾರ. “ಮ್ಯಾಲ ಕಾಗದ, ಒಳಗ ಹೊಟ್ಟು. ನೀರ್ ಬಿತ್ತಂದ್ರ ಹಪ್ಪಳದಂಗ ಉಬ್ಬತೈತಿ.”

ಅವನು ಇನ್ನೆರಡು ತೆಗೆದು ತೋರಿಸಿದ. ಒಂದು ನಮ್ಮ ಕಡೆಯ ತೋಟದಲ್ಲಿ ಬೆಳೆದ ಎಳೆಯ ಮಹಾಗನಿ, ನಸುಗೆಂಪು. ಇನ್ನೊಂದು ಹೊರದೇಶದಿಂದ ಬಂದ ಬಲಿತ ಮರದ್ದು, ಬೆಲ್ಲದ ಪಾಕದ ಬಣ್ಣ, ಎಳೆ ಒತ್ತೊತ್ತಾಗಿತ್ತು.

“ಯಾವುದು ತಗೋಬೇಕ್ರಿ?” ಎಂದ ಪಂಢರಿನಾಥ.

“ಮನಿ ನಿಮ್ದು, ಅಡ್ಡಾಡೋರು ನೀವು.”

“ಅಲ್ಲ, ನೀವು ನಮ್ಮ ಜಾಗಾದಾಗ ಇದ್ರ ಯಾವುದು ತಗೋತಿದ್ರಿ?”

ಜುಲ್ಫಿಕಾರ ನನ್ನ ಕಡೆ ತಿರುಗಿದ. “ಮೇಡಮ್ಮಾರ, ನಾ ಲಗ್ನಾ ಆಗೂ ಮುಂದನೂ ಇಷ್ಟು ವಿಚಾರಸಿಲ್ರಿ.” ಆಮೇಲೆ ಕೇಳಿದ, “ಯಾರಿಗೆ ಬೇಕ್ರಿ ಇದು?”

“ನಮ್ಮ ಮನಿಯವ್ರಿಗೆ. ಹಾಡ್ತಾರ,” ಎಂದ ಪಂಢರಿನಾಥ. ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟು, “ಎಲುಬಿನ ಬ್ಯಾನಿ ಅದ,” ಎಂದ. ಜುಲ್ಫಿಕಾರ ಮತ್ತೆ ಚೇಷ್ಟೆ ಮಾಡಲಿಲ್ಲ. ಮರುದಿನ ಮೂರೂ ಬಗೆಯ ತುಂಡುಗಳನ್ನು ತಾನೇ ಟೆಂಪೋದಲ್ಲಿ ಹಾಕಿಕೊಂಡು ಸಪ್ತಾಪುರಕ್ಕೆ ಬಂದ.

ಫರಸಿಯ ಮೇಲೆ ಕಟ್ಟಿಗೆಯ ಪಟ್ಟಿ ಇಟ್ಟು, ಪಟ್ಟಿಯ ಮೇಲೆ ಒಂದೊಂದೇ ತುಂಡು ಜೋಡಿಸಿದ. ನಿರುಪಮಾ ಗೋಡೆ ಹಿಡಿದು ಬಂದು, ಪ್ರತಿಯೊಂದರ ಮೇಲೂ ಕುಳಿತು, ತಂಬೂರಿಯ ಬುರುಡೆ ಊರಿ ತಂತಿ ಮೀಟಿದಳು. ಕಾಗದದ ಹಲಗೆಗೆ, “ಇದು ಬರೇ ಒದರ್ತದ,” ಎಂದಳು. ಎಳೆಯ ಮಹಾಗನಿಗೆ, “ಇದಕ್ಕ ಇನ್ನೂ ತಿಳುವಳಿಕಿ ಬಂದಿಲ್ಲ.” ಮೂರನೆಯದರ ಮೇಲೆ ಕುಳಿತು ನಾಲ್ಕೂ ತಂತಿ ಮೀಟಿ ಕಣ್ಣು ಮುಚ್ಚಿದಳು. ಕಣ್ಣು ತೆರೆದು, “ಇದು ಕೇಳಿಸ್ಕೊಳ್ತದ,” ಎಂದಳು.

ಆಯ್ಕೆ ಕಾಲು ತಾಸಿನಲ್ಲಿ ಮುಗಿಯಿತು. ಜುಲ್ಫಿಕಾರ ಮುಂದಿನ ಕೆಲಸ ವಿವರಿಸಿದ. ಹಲಗೆಗಳು ಹದಿನೈದು ದಿನ ಈ ಮನೆಯಲ್ಲೇ ಬಿದ್ದಿರಬೇಕು. “ಕಟಗಿಗೆ ನಿಮ್ಮ ಮನಿ ಹವಾ ರೂಢಿ ಆಗ್ಬೇಕ್ರಿ. ಇಲ್ಲಂದ್ರ ಹಾಸಿದ ಮ್ಯಾಲ ಸಂದಿ ಬಿಡತೈತಿ.” ಅನಂತರ ಹಾಸಲು ನಾಲ್ಕು ದಿನ. ಆಗ ನವೆಂಬರ್ ಮೂರನೆಯ ವಾರ. ಎಣಿಸಿದರೆ ಡಿಸೆಂಬರ್ ಹತ್ತರೊಳಗೆ ನಿರುಪಮಾ ತನ್ನ ನೆಲದ ಮೇಲೆ ಕುಳಿತಿರುತ್ತಿದ್ದಳು.

“ನಾಳೆ ತರಲ್ಯಾ?” ಎಂದ ಜುಲ್ಫಿಕಾರ.

“ಅಣ್ಣ ಒಂದ್ಸಲ ನೋಡ್ಲಿ,” ಎಂದ ಪಂಢರಿನಾಥ.

ಅಣ್ಣ ಯಾತ್ರೆಗೆ ಹೋಗಿದ್ದರು. ಹನ್ನೊಂದು ದಿನದ ಮೇಲೆ ಬಂದರು. ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು. “ಛಲೋ ಕಟಗಿ ಅದ. ಹಾಕ್ಸು. ಆದ್ರ ಧನುರ್ಮಾಸ ಬರ್ಲಿಕ್ಕತ್ತದ, ಕೆಲಸಾ ಅದ್ರಾಗ ಸಿಕ್ಕೊಳ್ತದ. ಶೂನ್ಯಮಾಸದಾಗ ಮನಿ ಕೆಲಸಾ ಹಿಡೀಬಾರದು. ಸಂಕ್ರಮಣ ಮುಗೀಲಿ.”

ಕಟ್ಟಿಗೆಯನ್ನಾದರೂ ತಂದು ಹಾಕಲಿ, ಹದಿನೈದು ದಿನ ಉಳಿಯುತ್ತದೆ ಎಂದೆ. ಕಟ್ಟಿಗೆ ಹೊಸ್ತಿಲು ದಾಟಿದರೆ ಕೆಲಸ ಹಿಡಿದಂತೆಯೇ ಎಂದರು. ಪಂಢರಿನಾಥ ಇಬ್ಬರ ಮುಖವನ್ನೂ ನೋಡಿದ. ಅಣ್ಣನ ಮುಖದ ಮೇಲೆ ಅವನ ನೋಟ ನಿಂತಿತು.

ಮರುದಿನ ಬೆಳಿಗ್ಗೆ ಕಂಪೌಂಡಿನ ಗೋಡೆಯ ಹತ್ತಿರ ಅವನನ್ನು ನಿಲ್ಲಿಸಿ ಕೇಳಿದೆ. “ಪಂಢರಿ, ಡಾಕ್ಟರು ಹೇಳಿದ್ದು ನಿನಗ ಕೇಳಿಸ್ತೋ ಇಲ್ಲೋ?”

“ಕೇಳಿಸ್ತ್ರಿ.”

“ಸಂಕ್ರಮಣ ಆದ ಮ್ಯಾಲೆ ಆಕಿಗೆ ಕೂಡ್ಲಿಕ್ಕೆ ಬರ್ತದೇನು? ಅದನ್ನ ಯಾರ್ನ ಕೇಳಾಂವ ನೀ?”

ಅವನು ಗೋಡೆಯ ಮೇಲಿನ ಒಣ ಪಾಚಿಯನ್ನು ಉಗುರಿನಿಂದ ಕೆರೆಯುತ್ತ ನಿಂತ. “ಬ್ಯಾಡ ಅಂದದ್ದನ್ನ ಮಾಡಿ, ಆಕಿಗೆ ಏನರೆ ಹೆಚ್ಚುಕಮ್ಮಿ ಆದ್ರ, ನನ್ನಿಂದನ ಆತು ಅಂತ ಆಗ್ತದಲ್ರಿ ಅಕ್ಕಾರ.”

“ಸುಮ್ನ ಕೂತ್ರೂ ನಿನ್ನಿಂದನ ಆಗ್ತದ,” ಎಂದೆ. ಆ ಮಾತಿಗೆ ನಾನು ಈಗಲೂ ಪಶ್ಚಾತ್ತಾಪ ಪಡುವುದಿಲ್ಲ.

ಧನುರ್ಮಾಸದ ಥಂಡಿಯಲ್ಲಿ ನಿರುಪಮಾ ಫರಸಿಯ ಮೇಲೆ ಮೂರು ಕೌದಿ ಮಡಿಚಿ ಹಾಕಿಕೊಂಡು ಕುಳಿತು ನೋಡಿದಳು. ಮೊದಲು ಅರ್ಧ ತಾಸು ಆಗುತ್ತಿತ್ತು. ಆಮೇಲೆ ಹತ್ತು ನಿಮಿಷ. ಮಕ್ಕಳ ಪಾಠ ನಿಲ್ಲಿಸಿದಳು. ಸಂಕ್ರಮಣಕ್ಕೆ ಒಂಬತ್ತು ದಿನವಿದ್ದಾಗ ಬಚ್ಚಲಿನಿಂದ ಬರುತ್ತ ಕಾಲು ತಿರುಚಿದಂತಾಯಿತು, ಅಷ್ಟಕ್ಕೇ ತೊಡೆಯ ಎಲುಬು ಮುರಿಯಿತು. ಅವಳು ಬೀಳಲೂ ಇಲ್ಲ, ನಿಂತಲ್ಲೇ ಮುರಿಯಿತು. ಇನ್ನು ಕೂಡಿಸಲು ಬರುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದರು. ಅವಳಿಗೆ ಅದನ್ನು ಹೇಳಿದ್ದು ನಾನು. ಪಂಢರಿನಾಥ ವರಾಂಡದಲ್ಲಿದ್ದ.

“ನೆಲದ ಕೆಲಸಾ ನಿಲ್ಲಿಸೋಣೇನ್ರಿ?” ಎಂದು ಅವನು ಆಮೇಲೆ ನನ್ನನ್ನು ಕೇಳಿದ. ಆಕೆಯನ್ನೇ ಕೇಳು ಎಂದೆ. ಕೇಳಿದ. “ಹಾಕಿಸ್ರಿ. ಮಲಕೊಂಡಾದ್ರೂ ಅದರ ಮ್ಯಾಲೆ ಇರ್ತೀನಿ,” ಎಂದಳು.

ಹಲಗೆಗಳು ಬಂದವು, ಹದಿನೈದು ದಿನ ಮುಂದಿನ ಕೋಣೆಯಲ್ಲಿ ಬಿದ್ದಿದ್ದವು. ಫೆಬ್ರವರಿ ಮೊದಲ ವಾರ ಜುಲ್ಫಿಕಾರ ಹಾಸಿದ. ಅವಳು ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಪ್ರತಿ ಮೊಳೆ ಹೊಡೆಯುವ ಮುಂಚೆ ಅವನು ಬಾಗಿಲಿಗೆ ಬಂದು, “ಹೊಡೀಲೇನ್ರಿ ಅಕ್ಕಾ?” ಎಂದು ಕೇಳುತ್ತಿದ್ದ. “ಹೊಡೀರಿ, ತಾಳ ತಪ್ಪಬ್ಯಾಡ್ರಿ,” ಎಂದು ಅವಳು ಒಳಗಿನಿಂದ ಹೇಳುತ್ತಿದ್ದಳು. ಕೆಲಸ ಮುಗಿದ ದಿನ ನಾಲ್ಕು ಜನ ಸೇರಿ ಅವಳನ್ನು ಹಾಸಿಗೆಯ ಸಮೇತ ತಂದು ಗೋಡೆಯ ಬದಿಗೆ ಮಲಗಿಸಿದೆವು. ಹನ್ನೆರಡು ಹೆಜ್ಜೆಯ ದಾರಿ. ಆಗ ಅವಳ ಬಾಯಿಂದ ಬಂದ ಸದ್ದನ್ನು ವರ್ಣಿಸಲಾರೆ. ನಾದದಲ್ಲೇ ಬದುಕಿದ ಹೆಂಗಸಿನ ಗಂಟಲಿನಿಂದ ಅದು ಬಂದಿತೆಂದು ಮಾತ್ರ ಹೇಳಬಲ್ಲೆ.

ಸಂಜೆ ಅವಳು ತಂಬೂರಿ ಮೀಟಲು ಹೇಳಿದಳು. ಪಂಢರಿನಾಥ ಮೀಟಿದ. ಅವನಿಗೆ ಶ್ರುತಿ ಮಾಡಲು ಬರುವುದಿಲ್ಲ.

“ತಂತಿ ಇಳದಾವ್ರಿ,” ಎಂದು ಅವಳು ನಕ್ಕಳು. ಆದರೂ ನಿಲ್ಲಿಸಗೊಡಲಿಲ್ಲ. ಹಲಗೆಯ ಮೇಲೆ ಅಂಗೈ ಚಪ್ಪಟೆಯಾಗಿ ಊರಿ ಬಹಳ ಹೊತ್ತು ಹಾಗೇ ಇದ್ದಳು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. “ಖರೇನ ಕೇಳಿಸ್ಕೊಳ್ತದ,” ಎಂದಳು. ಆಮೇಲೆ, “ಎರಡು ತಿಂಗಳಾ ಮೊದ್ಲ ಆಗಿದ್ರ—” ಎಂದು ಶುರು ಮಾಡಿ, ಗಂಡನ ಮುಖ ನೋಡಿ, ಅಲ್ಲಿಗೇ ಬಿಟ್ಟಳು. ಅವನು ತಲೆ ತಗ್ಗಿಸಿ ತಂತಿ ಮೀಟುತ್ತಲೇ ಇದ್ದ. ಆ ನೆಲದ ಮೇಲೆ ಅವಳು ಒಂದು ಸ್ವರವನ್ನೂ ಹಾಡಲಿಲ್ಲ.

ಹದಿನಾರು ದಿನ ಕಳೆದವು. ಒಂದು ಮಂಗಳವಾರ ಮಧ್ಯಾಹ್ನ ಮೂರರ ಸುಮಾರಿಗೆ ಅವಳ ಉಸಿರು ಬದಲಾಯಿತು. ಪಂಢರಿನಾಥ ನನ್ನನ್ನು ಕೂಗಿದ, ಅಣ್ಣನಿಗೆ ಫೋನು ಮಾಡಿದ. ವಿಜಯೀಂದ್ರರು ಆಟೋದಲ್ಲಿ ಬಂದರು. ಕೈಯಲ್ಲಿ ಗಂಗೆಯ ತಂಬಿಗೆ, ದರ್ಭೆ, ತುಳಸಿ. ಅವರಿಗೂ ಎಪ್ಪತ್ತೈದು ದಾಟಿದೆ. ತಮ್ಮನ ಹೆಂಡತಿಯನ್ನು ಅವರು ಮಗಳಂತೆಯೇ ಕಂಡವರು, ಕಣ್ಣುಗಳು ಒದ್ದೆಯಾಗಿದ್ದವು. ಬಾಗಿಲಲ್ಲಿ ನಿಂತು ನೋಡಿ, “ನೆಲಕ್ಕ ಹಾಕ್ರಿ. ಹೊತ್ತು ಇಲ್ಲ,” ಎಂದರು.

“ನೆಲದ ಮ್ಯಾಲೇ ಇದ್ದಾಳಲ್ರಿ,” ಎಂದೆ ನಾನು.

ಅವರು ಹಿಮ್ಮಡಿಯಿಂದ ಹಲಗೆಯನ್ನು ಮೆಲ್ಲಗೆ ತಟ್ಟಿದರು. ಕೆಳಗೆ ಪೊಳ್ಳಿರುವ ಸದ್ದು ಬಂದಿತು. “ಇದು ನೆಲಾ ಅಲ್ರಿ. ಕಟಗಿ. ಕೆಳಗ ಖಾಲಿ ಅದ. ಇದೊಂದು ದೊಡ್ಡ ಮಂಚ. ಅಂತರಾಳದಾಗ ಜೀವಾ ಹೋಗಬಾರದು.”

ಅವರ ಮನೆತನದಲ್ಲಿ ಮಂಚದ ಮೇಲೆ ಜೀವ ಹೋಗಗೊಡುವುದಿಲ್ಲ. ಕೊನೆಯ ಹೊತ್ತಿಗೆ ಇಳಿಸಿ ಭೂಮಿಯ ಮೇಲೆ ಮಲಗಿಸುತ್ತಾರೆ. ಇದು ನನಗೂ ಗೊತ್ತಿತ್ತು. ಮಾಸ, ತಿಥಿ, ಮರದ ಜಾತಿ, ಬಣ್ಣ, ಎಳೆ ಎಲ್ಲದರ ಬಗ್ಗೆ ಪಂಢರಿನಾಥ ಊರವರನ್ನೆಲ್ಲ ಕೇಳಿ ಬಂದಿದ್ದ, ಅಣ್ಣನೂ ಹಲಗೆ ತಟ್ಟಿ ಒಪ್ಪಿದ್ದರು. ಸಾಯುವವಳಿಗೆಂದು ಹಾಸುತ್ತಿರುವ ಈ ನೆಲವನ್ನು ಸಾವಿನ ಹೊತ್ತಿಗೆ ನೆಲವೆಂದು ಎಣಿಸುತ್ತಾರೆಯೇ ಎಂಬುದನ್ನು ಮಾತ್ರ ಅವನು ಕೇಳಿರಲಿಲ್ಲ, ನಮಗೆ ಯಾರಿಗೂ ಹೊಳೆದಿರಲಿಲ್ಲ.

“ನಡುಮನ್ಯಾಗ ಫರಸಿ ಅದ. ಚಾದರದ ನಾಕೂ ಮೂಲಿ ಹಿಡೀರಿ,” ಎಂದರು ವಿಜಯೀಂದ್ರರು. ಎದುರು ಮನೆಯ ಇಬ್ಬರು ಗಂಡಸರು ಒಳಗೆ ಬಂದರು. ಅವರಲ್ಲೊಬ್ಬ ಚಾದರದ ಒಂದು ಮೂಲೆಯನ್ನು ಗೇಣು ಎತ್ತಿದ್ದನಷ್ಟೆ, ನಿರುಪಮಾ ಕೂಗಿದಳು. ಪ್ರಜ್ಞೆಯಿಲ್ಲವೆಂದು ನಾವೆಲ್ಲ ಅಂದುಕೊಂಡಿದ್ದೆವು. ನೋವು ತಿಳಿಯುವಷ್ಟು ಪ್ರಜ್ಞೆ ಇತ್ತು. ಆತ ಕೈ ಬಿಟ್ಟು ಹಿಂದೆ ಸರಿದ.

“ಹಿಡೀರಿ, ಎರಡು ನಿಮಿಷದ ಮಾತು,” ಎಂದರು ವಿಜಯೀಂದ್ರರು.

ಪಂಢರಿನಾಥ ಎದ್ದು ಒಳಗೆ ಹೋದ. ಅವರ ಮನೆಯ ಪುರೋಹಿತ ಆಚಾರ್ಯರಿಗೆ ಫೋನು ಮಾಡಿ ಕೇಳಲು ಹೋದನೆಂದುಕೊಂಡೆ. ಸ್ಕ್ರೂಡ್ರೈವರ್ ಹಿಡಿದುಕೊಂಡು ಬಂದ.

ಗೋಡೆಗೆ ತಾಗಿದ ಕೊನೆಯ ಹಲಗೆಯನ್ನು ಉಳಿದವುಗಳಂತೆ ಮರೆಯಲ್ಲಿ ಮೊಳೆ ಹೊಡೆದು ಕೂಡಿಸಲು ಬರುವುದಿಲ್ಲ, ಮೇಲಿನಿಂದ ಸ್ಕ್ರೂ ಹಾಕಿರುತ್ತಾರೆ. ಅವಳ ಹಾಸಿಗೆ ಅದರ ಪಕ್ಕದಲ್ಲೇ ಇತ್ತು. ಅವನು ಮಂಡಿಯೂರಿ ಒಂದೊಂದೇ ಸ್ಕ್ರೂ ಬಿಚ್ಚಿದ. ಗೀರಿದ ಸದ್ದಾಯಿತು. ಸ್ಕ್ರೂಡ್ರೈವರ್ ಜಾರಿ ಆ ಹೊಸ ಮಹಾಗನಿಯ ಮೇಲೆ ಉದ್ದನೆಯ ಗಾಯ ಬಿತ್ತು, ಅವನು ಅದರ ಕಡೆ ನೋಡಲಿಲ್ಲ. ಹಲಗೆಯನ್ನು ಮೀಟಿ ಎಬ್ಬಿಸಿ ಪಕ್ಕಕ್ಕಿಟ್ಟ. ಕೆಳಗೆ ಪಟ್ಟಿಗಳ ನಡುವೆ ಸ್ವಲ್ಪ ಹೊಟ್ಟು, ಅದರಡಿಯಲ್ಲಿ ಬೂದುಬಣ್ಣದ ಹಳೆಯ ಫರಸಿ.

“ಏನ್ ಮಾಡ್ಲಿಕ್ಕತ್ತೀಯೋ?” ಎಂದರು ಅಣ್ಣ.

ಅವನು ಹೊಟ್ಟನ್ನು ಕೈಯಿಂದ ಸರಿಸಿದ. ನಿರುಪಮಾಳ ಬಲಗೈಯನ್ನು ಮೊಣಕೈ ಅಲುಗದಂತೆ ಎತ್ತಿ, ಆ ಸಂದಿಯ ಅಂಚಿಗೆ ತಂದ.

“ಬರೇ ಕೈ ಮುಟ್ಟಿದ್ರ ನಡೀತದೇನು?” ಎಂದು ವಿಜಯೀಂದ್ರರು ಕೇಳಿದರು. ಯಾರನ್ನು ಕೇಳಿದರೋ ತಿಳಿಯದು.

“ನಡೀತದ,” ಎಂದ ಪಂಢರಿನಾಥ.

ವಿಜಯೀಂದ್ರರು ಅವಳ ತಲೆಯ ಕಡೆ ಬಾಗಿ ತುಟಿಗೆ ತುಳಸಿ ಇಟ್ಟು ಗಂಗೆ ಹಾಕತೊಡಗಿದರು. ನಾನು ಗೋಡೆಗೆ ಒರಗಿ ಕೆಳಗೇ ಕುಳಿತಿದ್ದೆ. ಆ ಸಂದಿ ನನಗೆ ಕಾಣುತ್ತಿತ್ತು, ನಿಂತವರಿಗೆ ಕಾಣುತ್ತಿರಲಿಲ್ಲ. ಪಂಢರಿನಾಥ ಮೊದಲು ತನ್ನ ಎಡಗೈಯನ್ನು ಒಳಗೆ ಇಳಿಸಿದ. ಕಲ್ಲಿನ ಥಂಡಿ ತಗುಲಿದಾಗ ಅವನ ಭುಜ ಒಮ್ಮೆ ಸಣ್ಣಗೆ ನಡುಗಿತು. ಅಂಗೈ ಮೇಲೆ ಮಾಡಿ ಕಲ್ಲಿನ ಮೇಲೆ ಹಾಸಿದ. ಆಮೇಲೆ ಬಲಗೈಯಿಂದ ಅವಳ ಕೈಯನ್ನು ಇಳಿಸಿ ತನ್ನ ಅಂಗೈಯಲ್ಲಿ ಇಟ್ಟುಕೊಂಡ. ಅವಳ ಒಂದು ಬೆರಳೂ ಕಲ್ಲಿಗೆ ತಾಗಲಿಲ್ಲ.

“ನೆಲಾ ಮುಟ್ಟೇದೇನೋ?” ಎಂದು ಅಣ್ಣ ತಲೆ ಎತ್ತದೆ ಕೇಳಿದರು.

“ಮುಟ್ಟೇದ,” ಎಂದ ಪಂಢರಿನಾಥ.